‘ಅಗಳು’ ಕಾರ್ಡಿನ ಎರಡು ಬದಿ

ಟೆಂಪೋದಿಂದ ಇಳಿದವರು ಐದು ಜನವೋ ಏಳು ಜನವೋ, ನನಗೆ ಈಗಲೂ ಖಚಿತವಿಲ್ಲ. ಅಂದು ಸಂಜೆ ಬರೆದ ದಿನಚರಿಯಲ್ಲಿ ಏಳು ಎಂದಿದೆ. ಮೂರು ದಿನ ಕಳೆದು ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಐದು ಎಂದಿದೆ. ಎರಡೂ ನನ್ನ ಮಾತೇ. ಮುದುಕನ ಕೈಯ ಮೇಲೆ ಬಿದ್ದದ್ದು ಹಾರೆ ಎಂದು ನೆನಪು. ಆದರೆ ಕೆಲವು ಸಲ ಕಣ್ಣು ಮುಚ್ಚಿದರೆ ಸೈಜುಗಲ್ಲು ಕಾಣುತ್ತದೆ. ಅದರ ಹಿಂದಿನ ದಿನ ಪಟೇಲರ ಜಗಲಿಯಲ್ಲಿ ಏನಾಯಿತೆಂಬುದನ್ನಂತೂ ಬಹಳ ವರ್ಷ ಒಂದೇ ರೀತಿ ಹೇಳಿಕೊಂಡು ಬಂದೆ. ಹೇಳಿ ಹೇಳಿ ಅದೇ ನೆನಪಾಯಿತೋ, ನೆನಪಿದ್ದದ್ದನ್ನೇ ಹೇಳುತ್ತಿದ್ದೆನೋ, ಆಗ ತಿಳಿಯುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ರಿಚರ್ಡ್ಸ್ ಟೌನಿನ ಹಳೆಯ ಬಂಗಲೆಯೊಂದರ ಹಿಂದಿನ ಎರಡು ಕೋಣೆಗಳಲ್ಲಿ ಖಾಸಗಿ ಟ್ರಸ್ಟೊಂದರ ಪದಕೋಶದ ಕೆಲಸ ನಡೆಯುತ್ತಿತ್ತು. ನನ್ನ ಪಾಲಿಗೆ ಬಂದದ್ದು ಕೋಟೆಯ ವಿಭಾಗ. ಕೊತ್ತಲ, ಬುರುಜು, ಕಂದಕ, ಅಗಳು, ದಿಡ್ಡಿ, ತೆನೆ ಇಂಥ ಮಾತುಗಳು ಕೋಟೆಗಳೇ ಇಲ್ಲವಾದ ಮೇಲೆ ಜನರ ಬಾಯಲ್ಲಿ ಹೇಗೆ ಉಳಿದಿವೆ ಎಂದು ತಿರುಗಾಡಿ ಬರೆದುಕೊಳ್ಳಬೇಕು. ಕಾವ್ಯ, ಶಾಸನಗಳನ್ನು ಬೇರೆಯವರು ನೋಡುತ್ತಿದ್ದರು. ಬೀದಿ ನನ್ನದು.

ಕೆಲಸದ ಕ್ರಮವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಮುಂದೆ ಆದದ್ದೆಲ್ಲ ಅದರಿಂದಲೇ ಆಯಿತು. ಒಂದು ಪದಕ್ಕೆ ಒಂದು ದಪ್ಪ ಕಾರ್ಡು. ಮುಂಬದಿಯಲ್ಲಿ ಪದ, ಅರ್ಥ, ಮಾತಾಡಿದವರು ಬಳಸಿದ ವಾಕ್ಯ ಅವರು ಆಡಿದ ಹಾಗೆಯೇ, ಅವರ ಹೆಸರು, ವಯಸ್ಸು, ಕಸುಬು, ಊರು. ಯಾವುದಾದರೂ ಜಾಗವನ್ನು ತೋರಿಸಿ ಹೇಳಿದ್ದರೆ ಆ ಜಾಗ. ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. ಹಿಂಬದಿ ಎರಡನೇ ಸಾಕ್ಷಿಗೆ. ಆತ ಮುಂಬದಿಯನ್ನು ಓದಿ, ಇಲ್ಲವೇ ಓದಿಸಿ ಕೇಳಿ, ಈ ಮಾತು ಬಳಕೆಯಲ್ಲಿದೆ ಎಂದು ಒಪ್ಪಿದರೆ ಅಲ್ಲಿ ಸಹಿ ಹಾಕಬೇಕು. ಎರಡನೇ ಸಾಕ್ಷಿ ಮೊದಲನೆಯವನ ಮನೆಯವನಾಗಿರಬಾರದು, ಬೀದಿಯವನೂ ಆಗಿರಬಾರದು. “ಒಂದೇ ಬೀದಿಯ ಇಬ್ಬರು ಹೇಳಿದ್ರೆ ಅದು ಒಬ್ಬ ಹೇಳಿದ ಹಾಗೆ ಕಣಯ್ಯ,” ಎನ್ನುತ್ತಿದ್ದರು ನಮ್ಮ ಸಂಪಾದಕರು, ನಿವೃತ್ತ ಪ್ರಾಧ್ಯಾಪಕರು. ಆ ನಿಯಮ ನನಗೆ ಬಹಳ ಹಿಡಿಸಿತ್ತು. ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದರ ಸಾರವೂ ಅದೇ ಆಗಿತ್ತು: ಒಬ್ಬನ ಮಾತನ್ನು ನಂಬಬೇಡ.

ಮೊದಲ ಎರಡು ತಿಂಗಳು ಶಿವಾಜಿನಗರ, ಹಲಸೂರು. ಪುಸ್ತಕದಲ್ಲಿ ಕೋಟೆಯ ಮಾತುಗಳನ್ನು ಓದುವಾಗ ಚಿತ್ರಪಟ ನೋಡಿದಂತಿರುತ್ತದೆ. ಬೀದಿಯಲ್ಲಿ ಕೇಳಿದಾಗ ಪ್ರತಿ ಮಾತಿಗೂ ಒಂದು ಏಟಿನ ಕಥೆ ಅಂಟಿಕೊಂಡು ಬರುತ್ತಿತ್ತು. ಶಿವಾಜಿನಗರದ ಮಟನ್ ಅಂಗಡಿಯವರೊಬ್ಬರು ಕೋಟೆಗೋಡೆಗೆ ಮನೆಯಲ್ಲಿ ಬಳಸುವ ಫಸೀಲ್ ಎಂಬ ಮಾತನ್ನು ಹೇಳಿದರು. ಎಲ್ಲಿ ಬಳಸುತ್ತೀರಿ ಎಂದೆ. ಗಲಾಟೆಯಾದ ವರ್ಷದ ಕಥೆ ಶುರುವಾಯಿತು. ಅವರ ಗಲ್ಲಿಗೆ ಎರಡೇ ಬಾಯಿ. ಒಂದಕ್ಕೆ ತಳ್ಳುಗಾಡಿಗಳನ್ನು ಅಡ್ಡ ಮಲಗಿಸಿ, ಇನ್ನೊಂದರಲ್ಲಿ ಗಲ್ಲಿಯವರೆಲ್ಲ, ಹಿಂದೂ ಮನೆಯವರೂ ಸೇರಿ, ದೊಣ್ಣೆ ಹಿಡಿದು ಎರಡು ದಿನ ನಿಂತರಂತೆ. ಹಣೆಯ ಮೇಲಿನ ಹೊಲಿಗೆಯ ಗುರುತನ್ನು ಮುಟ್ಟಿ ತೋರಿಸಿ, “ಫಸೀಲ್ ಅಂದ್ರೆ ಇದೇ ಸಾರ್, ಬರ್ಕೊಳ್ಳಿ,” ಎಂದು ನಕ್ಕರು. ಹಲಸೂರಿನ ನಿವೃತ್ತ ಹವಾಲ್ದಾರರೊಬ್ಬರು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ನನಗೆ ಗೋಡೆಯ ಶಾಸ್ತ್ರ ಹೇಳಿದರು. ಗೋಡೆ ತಡೆಯುವುದಕ್ಕಲ್ಲ, ವೈರಿ ಎಲ್ಲಿ ಬಂದರೆ ಹೊಡೆಯಲು ಸುಲಭವೋ ಅಲ್ಲಿಗೇ ಅವನು ಬರುವ ಹಾಗೆ ಮಾಡುವುದಕ್ಕೆ, ಎಂದರು. ಅದನ್ನೂ ಕಾರ್ಡಿನಲ್ಲಿ ಬರೆದೆ. ಸಾಕ್ಷಿಯ ಸಹಿ ಪಡೆದೆ. ಡ್ರಾಯರಿಗೆ ಹಾಕಿದೆ.

ಇವೆಲ್ಲ ಬೇರೆಯವರ ಹಳೆಯ ಗಾಯಗಳು. ನನಗೆ ಬೇಕಾಗಿದ್ದದ್ದು ನಿಜವಾದ ಅಗಳು. ಕಂದಕ ಎಂಬ ಮಾತನ್ನು ಎಲ್ಲರೂ ಶಾಲೆಯಲ್ಲಿ ಕಲಿತಿರುತ್ತಾರೆ. ಅದಕ್ಕಿಂತ ಹಳೆಯ ‘ಅಗಳು’ ಯಾರ ಬಾಯಲ್ಲಾದರೂ ದಿನಬಳಕೆಗೆ ಉಳಿದಿದೆಯೇ ಎಂದು ಹುಡುಕುತ್ತಾ ಕೃಷ್ಣರಾಜಪುರದ ಆಚೆ, ಹಳೇ ಮದರಾಸು ರಸ್ತೆ ಬಿಟ್ಟು ಒಳಕ್ಕೆ ಹೋದರೆ ಸಿಗುವ ಒಂದು ಊರಿಗೆ ಹೋದೆ. ಹಿಂದೆ ಅಲ್ಲಿ ಮಣ್ಣಿನ ಕೋಟೆ ಇತ್ತು. ನಾನು ಕಂಡಾಗ ಎರಡಾಳೆತ್ತರದ ಒಂದು ಬುರುಜು, ಅದರ ಪಕ್ಕದಲ್ಲಿ ಕದವಿಲ್ಲದ ಒಂದು ಕಲ್ಲಿನ ದಿಡ್ಡಿ, ಅಂದರೆ ಬಗ್ಗಿ ನುಸುಳುವಷ್ಟು ಚಿಕ್ಕ ಬಾಗಿಲು, ಇಷ್ಟೇ ಉಳಿದಿದ್ದವು. ಬುರುಜಿನ ಬುಡದಲ್ಲಿ ಅಗಳು ಮುಚ್ಚಿಹೋಗಿತ್ತು. ಮುಚ್ಚಿದ ನೆಲದ ಮೇಲೆ ಸಾಲಾಗಿ ಹನ್ನೊಂದು ಮನೆಗಳು. ಮನೆಗಳ ಹಿಂದೆ ಪಟೇಲರ ದನದ ಕೊಟ್ಟಿಗೆ. ಕೊಟ್ಟಿಗೆಯ ಹಿಂದೆ ಅವರ ತೋಟ. ತೋಟ ಎನ್ನುವುದು ಹೆಸರಿಗೆ, ಗಿಡ ತೆಗೆದು ಸೈಟಿನ ಕಲ್ಲು ನೆಟ್ಟಿದ್ದರು.

ಹನ್ನೊಂದು ಮನೆಗಳಲ್ಲಿ ಮೊದಲನೆಯದು ತಳವಾರ ಮುದುಕನದು. ಊರಿನ ಕಾವಲು ಮಾಡುತ್ತಿದ್ದ ಮನೆತನದ ಕೊನೆಯ ಆಳು. ಗಡಿ ಎಲ್ಲಿ, ಬಾಂದುಕಲ್ಲು ಎಲ್ಲಿ, ಯಾರ ಹೊಲ ಎಲ್ಲಿ ಮುಗಿಯುತ್ತದೆ ಎಂದು ತೋರಿಸುವುದು ಹಿಂದೆ ತಳವಾರನ ಕೆಲಸ. ತಳವಾರ ಕೈ ತೋರಿಸಿದನೆಂದರೆ ಊರು ಒಪ್ಪುತ್ತಿತ್ತು. ಅವನ ಸೊಸೆ ಮೊದಲ ದಿನವೇ ನನ್ನನ್ನು ಸರ್ವೆಯವನೆಂದು ತಿಳಿದು ಗೋಳು ಹೇಳಿಕೊಂಡಳು. ತಿಂಗಳ ಕೆಳಗೆ ಪಟೇಲರ ಮಗ ಬಂದು ಮನೆ ಖಾಲಿ ಮಾಡಿ ಎಂದಿದ್ದನಂತೆ. ಈ ನೆಲವೆಲ್ಲ ತಮ್ಮ ತೋಟದ್ದೇ, ಬುರುಜಿನವರೆಗೂ ತಮ್ಮದೇ ಎನ್ನುತ್ತಿದ್ದನಂತೆ. ಅವರ ಜಮೀನಿನ ಪತ್ರದಲ್ಲಿ ತೋಟದ ಒಂದು ಗಡಿ ‘ಊರ ಅಗಳು’ ಎಂದಿತ್ತು. ಅಗಳು ಈಗ ಕಾಣದಿರುವುದರಿಂದ ಅದು ಬುರುಜಿಗೆ ಅಂಟಿಕೊಂಡಿದ್ದ ಒಂದು ಸಣ್ಣ ಚರಂಡಿ ಎಂದು ಅವನ ವಾದ. ಹಾಗಾದರೆ ಹನ್ನೊಂದು ಮನೆಗಳೂ ಅವರ ಜಾಗದಲ್ಲಿವೆ. ಅಗಳು ನಿಜಕ್ಕೂ ಅಗಲವಾಗಿದ್ದು ಮನೆಗಳು ಅದರ ಮೇಲಿದ್ದರೆ, ಆ ನೆಲ ಊರಿನದು, ಯಾರೂ ಎಬ್ಬಿಸುವಂತಿಲ್ಲ.

ಇದನ್ನೆಲ್ಲ ಕೇಳಿ ನಾನು ತಲೆಯಾಡಿಸಿದೆ. ನೋಟ್‌ಬುಕ್ಕಿನಲ್ಲಿ ‘ಜಾಗದ ತಕರಾರು, ನಮಗೆ ಸಂಬಂಧವಿಲ್ಲ’ ಎಂದು ಬರೆದೆ. ಆ ಪುಟ ಇನ್ನೂ ನನ್ನ ಬಳಿ ಇದೆ.

ಎರಡನೇ ಸಲ ಹೋದದ್ದು ಒಂದು ಭಾನುವಾರ. ಮುದುಕ ದಿಡ್ಡಿಯ ಹೊಸ್ತಿಲ ಕಲ್ಲಿನ ಮೇಲೆ ಕುಳಿತಿದ್ದ. ಅಗಳು ಎಂದರೇನು ಎಂದು ಕೇಳಿದೆ. ಎದ್ದು ನಿಂತು, ಬಲಗೈ ಚಾಚಿ, ಬುರುಜಿನ ಬುಡದಿಂದ ಕೊಟ್ಟಿಗೆಯವರೆಗೆ ನಿಧಾನವಾಗಿ ಎಳೆದ.

“ಅಲ್ಲಿಂದ ಇಲ್ಲೀಗಂಟ ಅಗಳು ಸಾಮಿ. ನಮ್ ಮನೆಗ್ಳೆಲ್ಲ ಇರಾದು ಅಗಳೊಳ್ಗೇಯ. ಪಟೇಲ್ರು ಕೊಟ್ಗೆ ಐತಲ್ಲ, ಅದ್ರ ಅಡೀಲಿ ಆಚೆ ದಡದ ಕಲ್ಲವೆ. ತ್ವಾಟ ಏನಿದ್ರೂ ಆ ಕಲ್ಲಿಂದಾಚ್ಗೆ.”

ಇದಕ್ಕಿಂತ ಒಳ್ಳೆಯ ಬಳಕೆಯ ವಾಕ್ಯ ಸಿಗುವುದಿಲ್ಲ ಎಂದು ನನಗೆ ಖುಷಿಯಾಯಿತು. ಪದ, ಅದರ ಭಾಗಗಳು, ಅಳತೆ ಎಲ್ಲ ಒಂದೇ ಉಸಿರಿನಲ್ಲಿ. ಅವನ ಎದುರಿಗೇ ಬರೆದೆ. ‘ತೋರಿಸಿದ ಜಾಗ’ ಎಂಬ ಸಾಲಿನಲ್ಲಿ ‘ಕೈಯಿಂದ ತೋರಿಸಿದರು: ಬುರುಜಿನ ಬುಡದಿಂದ ಪಟೇಲರ ಕೊಟ್ಟಿಗೆಯ ಕೆಳಗಿನ ಕಲ್ಲಿನವರೆಗೆ’ ಎಂದು ತುಂಬಿದೆ. ಹೆಸರು ಬರೆಯಲೇಬೇಕೇ ಎಂದು ಅವನು ಒಮ್ಮೆ ಕೇಳಿದ. ಬರೆಯಲೇಬೇಕು, ಇಲ್ಲದಿದ್ದರೆ ಯಾರು ಹೇಳಿದ್ದೆಂದು ಗೊತ್ತಾಗುವುದಿಲ್ಲ ಎಂದೆ. ಅದು ಅವನಿಗೆ ಸರಿಯಾದ ಕಾರಣವಾಗಿಯೇ ತೋರಿತೆಂದು ಕಾಣುತ್ತದೆ. ಶಾಯಿಯ ಪ್ಯಾಡಿನ ಮೇಲೆ ಹೆಬ್ಬೆಟ್ಟು ಒತ್ತಿ, ಕಾರ್ಡಿನ ಮೇಲೆ ಒತ್ತಿ, ಬೆರಳನ್ನು ದಿಡ್ಡಿಯ ಗೋಡೆಗೆ ಒರೆಸಿದ.

ಇನ್ನು ಎರಡನೇ ಸಾಕ್ಷಿ. ಹನ್ನೊಂದು ಮನೆಗಳಲ್ಲಿ ಯಾರೂ ಆಗುವುದಿಲ್ಲ, ಒಂದೇ ಬೀದಿ. ಊರಿನ ಉಳಿದ ಕಡೆ ಹೊಸಬರು, ಬಾಡಿಗೆಯವರು. ಹಳೆಯ ಮಾತು ತಿಳಿದ ಹಿರಿಯರೆಂದರೆ ಪಟೇಲರೇ. ನನಗೆ ಎರಡು ಸಲ ಯೋಚಿಸಬೇಕೆನ್ನಿಸಲಿಲ್ಲ. ಬದಲಿಗೆ, ಎದುರು ಪಕ್ಷದವರೇ ಒಪ್ಪಿದರೆ ಸಾಕ್ಷಿ ಇನ್ನೂ ಗಟ್ಟಿ ಎಂದು ಲೆಕ್ಕ ಹಾಕಿದ್ದೆ.

ಸೋಮವಾರ ಹೋದೆ. ಪಟೇಲರ ಜಗಲಿ ನೆನಪಿದೆ. ಕೆಂಪು ಗಾರೆಯ ನೆಲ, ಸ್ಟೀಲ್ ಲೋಟದಲ್ಲಿ ಕಾಫಿ, ಕಂಬಕ್ಕೆ ಒರಗಿ ಪೇಪರ್ ಓದುತ್ತಿದ್ದ ಮಗ. ಪಟೇಲರು ಗಂಭೀರ ಮನುಷ್ಯ, ಅಚ್ಚುಕಟ್ಟಾಗಿ ಮಾತಾಡುವವರು. ಕಂದಕ ಅನ್ನುವುದು ಇಸ್ಕೂಲ್ ಮಾತು, ನಮ್ಮ ಮನೆಯಲ್ಲಿ ಅಗಳು ಎಂದೇ ಎನ್ನುತ್ತೇವೆ ಎಂದರು. ತಮ್ಮ ಮುತ್ತಾತನ ಕಾಲದ ದರೋಡೆಯೊಂದರ ಕಥೆ ಹೇಳಿದರು. ದಿಡ್ಡಿಯಲ್ಲಿ ತಲೆ ತಗ್ಗಿಸಿ ಒಳಗೆ ಬಂದವರ ತಲೆಯನ್ನು ಒಬ್ಬೊಬ್ಬರದಾಗಿ ಕಡಿದು ಅಗಳಿಗೆ ಎಸೆದರಂತೆ. ಅದಕ್ಕೇ ದಿಡ್ಡಿ ಅಷ್ಟು ಗಿಡ್ಡ, ಎಂದು ಕತ್ತಿನ ಹಿಂಭಾಗಕ್ಕೆ ಅಂಗೈಯಿಂದ ತಟ್ಟಿ ತೋರಿಸಿದರು. ಆಮೇಲೆ ಒಳಗೆ ಫೋನು ಹೊಡೆದುಕೊಂಡಿತು, ಅವರು ಎದ್ದರು, ನಾನೂ ಎದ್ದು ಬಂದೆ. ಪದ ಕೇಳಿದೆ, ಹೌದೆಂದರು, ಬಂದೆ. ಕಾರ್ಡನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಇಷ್ಟೇ ಆದದ್ದು ಎಂದು ನಾನು ಹೇಳಿಕೊಂಡು ಬಂದೆ.

ಅಂದು ಸಂಜೆ ಆಫೀಸಿಗೆ ಬಂದು ಆ ದಿನದ ಕಾರ್ಡುಗಳನ್ನು ಡ್ರಾಯರಿಗೆ ಹಾಕಿದೆ. ಅದು ನಿತ್ಯದ ನಿಯಮ.

ಮಂಗಳವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಮತ್ತೆ ಆ ಊರಲ್ಲಿದ್ದೆ. ದಿಡ್ಡಿ, ಕೋಟೆಗೋಡೆಯ ತಲೆಯ ಹಲ್ಲುಸಾಲಿಗೆ ಹೇಳುವ ತೆನೆ, ಈ ಎರಡು ಮಾತು ಬಾಕಿಯಿದ್ದವು. ಬಸ್ಸಿಳಿದು ನಡೆದು ಬರುವಾಗಲೇ ಜೆಸಿಬಿಯ ಶಬ್ದ ಕೇಳಿಸಿತು. ಅದು ಬುರುಜಿನ ಮುಂದೆ ನಿಂತು ಗುರುಗುಡುತ್ತಿತ್ತು. ಪಕ್ಕದಲ್ಲೊಂದು ಟೆಂಪೋ. ಅದರಿಂದ ಜನ ಇಳಿದರು, ಐದೋ ಏಳೋ. ಊರಿನ ಮುಖಗಳಲ್ಲ. ಕೈಯಲ್ಲಿ ಸೈಕಲ್ ಚೈನು, ಗುದ್ದಲಿಯ ಕಾವು, ಒಬ್ಬನ ಹತ್ತಿರ ಹಾರೆ. ಅವರ ಹಿಂದೆ ಪಟೇಲರ ಮಗ ಮೋಟಾರ್‌ಬೈಕಿನಲ್ಲಿ ಬಂದ. ಸ್ಟ್ಯಾಂಡು ಹಾಕಿ, ಬೀಗ ತಿರುಗಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಆ ನಿಧಾನ ನನಗೆ ಚೆನ್ನಾಗಿ ನೆನಪಿದೆ.

ಮುದುಕ ದಿಡ್ಡಿಯ ಮುಂದೆ ಕೋಲು ಹಿಡಿದು ನಿಂತಿದ್ದ. ಇಬ್ಬರು ಅವನ ತೋಳು ಹಿಡಿದು ಹೊಸ್ತಿಲ ಕಲ್ಲಿನ ಬಳಿ ಮಂಡಿಯೂರಿಸಿದರು. ಪಟೇಲರ ಮಗ ಅವನ ಎದುರು ಕುಕ್ಕರಗಾಲಲ್ಲಿ ಕೂತು, ಹೊಲದಲ್ಲಿ ಕೆಲಸದ ಮಾತಾಡುವ ದನಿಯಲ್ಲೇ ಕೇಳಿದ.

“ತೋರ್ಸಿದ್ ಕೈ ಯಾವ್ದಜ್ಜ?”

ಈ ಮಾತನ್ನು ನಾನು ಜೆಸಿಬಿಯ ಶಬ್ದದ ನಡುವೆ ನಿಜವಾಗಿ ಕೇಳಿದೆನೋ, ಆಮೇಲೆ ಆಸ್ಪತ್ರೆಯಲ್ಲಿ ಮುದುಕ ಹೇಳಿದ್ದನ್ನು ಕೇಳಿದ ಹಾಗೆ ನೆನಪು ಮಾಡಿಕೊಂಡೆನೋ ಗೊತ್ತಿಲ್ಲ. ನಾನಿದ್ದದ್ದು ಇಪ್ಪತ್ತು ಹೆಜ್ಜೆ ದೂರದಲ್ಲಿ. ಮುದುಕ ಒಂದು ಕೈ ಮುಂದೆ ಚಾಚಿದ್ದನ್ನು ಕಂಡೆ. ಅದನ್ನು ಕಲ್ಲಿನ ಮೇಲಿಟ್ಟು ಒಬ್ಬ ಮಣಿಕಟ್ಟಿನ ಮೇಲೆ ಕಾಲಿಟ್ಟ. ಹಾರೆ ಮೇಲೆ ಹೋಯಿತು. ಎರಡು ಸಲ ಬಿತ್ತು. ಮೊದಲನೆಯದಕ್ಕೆ ಮುದುಕ ಕೂಗಲಿಲ್ಲ, ಎರಡನೆಯದಕ್ಕೆ ಕೂಗಿದ.

ನಾನು ಓಡಿದೆ, ಅವನ ಕಡೆಗೇ. ಧೈರ್ಯದಿಂದಲ್ಲ, ಕಾಲು ಓಡಿದವು. ಯಾರೋ ನನ್ನ ಕಿವಿಯ ಮೇಲೆ ಹೊಡೆದರು, ಚೈನೋ ಅಂಗೈಯೋ ತಿಳಿಯಲಿಲ್ಲ. ಎಡಗಿವಿಯೊಳಗೆ ಒಂದು ಉದ್ದನೆಯ ಶಿಳ್ಳೆ ಹುಟ್ಟಿಕೊಂಡಿತು; ಎರಡು ತಿಂಗಳು ಹೋಗಲಿಲ್ಲ. ಚೀಲ ಕಿತ್ತುಕೊಂಡು ಸುರಿದರು. ಬರೆಯದ ಕಾರ್ಡುಗಳೆಲ್ಲ ಚರಂಡಿಯ ಮೇಲೆ ಹರಡಿ ತೇಲಿದವು. ಅವರಲ್ಲೊಬ್ಬ ಒಂದನ್ನು ಎತ್ತಿ ತಿರುವಿ ನೋಡಿ, ಏನೂ ಇಲ್ಲದ್ದನ್ನು ಕಂಡು ನನ್ನ ಮುಖಕ್ಕೆ ಎಸೆದ.

ಆಗ ಸೊಸೆ ಕೂಗಿದಳು: “ಬುರುಜ್ ಅತ್ರೇ, ಎಲ್ರೂ ಬುರುಜ್ ಅತ್ರೇ!”

ಹನ್ನೊಂದು ಮನೆಗಳ ಹೆಂಗಸರು, ಮನೆಯಲ್ಲಿದ್ದ ನಾಲ್ಕಾರು ಗಂಡಸರು ಬುರುಜಿನ ಹಿಂದಿನ ಇಳಿಜಾರಿನಿಂದ ಮೇಲೆ ಹತ್ತಿದರು. ಅದರ ತಲೆಯ ಮೇಲೆ ಮಣ್ಣು ಕರಗಿ ಕಲ್ಲುಗಳು ಎದ್ದಿದ್ದವು. ಅವನ್ನೇ ಎತ್ತಿ ಕೆಳಗೆ ಬೀಸಿದರು. ಮೊದಲ ಕಲ್ಲು ಜೆಸಿಬಿಯ ಗಾಜಿಗೆ ಬಿತ್ತು, ಎರಡನೆಯದು ಅದನ್ನು ನಡೆಸುತ್ತಿದ್ದವನ ಹಣೆಗೆ. ಹಾರೆ ಹಿಡಿದಿದ್ದವನ ಭುಜದ ಮೇಲೆ ಒಂದು ಬಿದ್ದು ಹಾರೆ ಕೈಬಿಟ್ಟಿತು. ಕೆಳಗಿನವರು ಮೇಲೆ ಹತ್ತಲು ದಿಡ್ಡಿಯಲ್ಲಿ ನುಗ್ಗಿದರು. ನುಗ್ಗುವಾಗ ತಲೆ ತಗ್ಗಿಸಲೇಬೇಕು. ಆ ಕಡೆ ನಿಂತಿದ್ದ ಒಬ್ಬಾಕೆ ಒನಕೆಯಿಂದ ಮೊದಲನೆಯವನ ಬೆನ್ನಿಗೆ ಬಾರಿಸಿದಳು. ಅವನು ಅಲ್ಲೇ ಬೋರಲಾಗಿ ಬಿದ್ದ, ಹಿಂದಿನವರು ಅವನ ಮೇಲೆ ಬಿದ್ದರು. ಹಲಸೂರಿನ ಹವಾಲ್ದಾರರು ಹೇಳಿದ್ದ ಮಾತು ಕಣ್ಣೆದುರೇ ನಡೆಯುತ್ತಿತ್ತು. ರಕ್ತ ಸುರಿಯುವ ಕಿವಿ ಹಿಡಿದುಕೊಂಡು ನಾನು ಅದನ್ನು ಗಮನಿಸುತ್ತಿದ್ದೆ ಎಂಬುದು ಈಗ ನಾಚಿಕೆಯ ವಿಷಯ.

ಜೆಸಿಬಿಯವನು ಹಣೆಗೆ ಟವೆಲ್ಲು ಒತ್ತಿಕೊಂಡು ಮತ್ತೆ ಗಾಡಿ ಹತ್ತಿದ. ಸಿಟ್ಟಿಗೋ, ಪಟೇಲರ ಮಗ ಹೇಳಿದನೋ, ಮೇಲೆ ಜನ ಇರುವಾಗಲೇ ಬಕೆಟ್ಟನ್ನು ಬುರುಜಿನ ಹೊಟ್ಟೆಗೆ ನುಗ್ಗಿಸಿದ. ನೂರಾರು ಮಳೆಗಾಲ ನಿಂತಿದ್ದ ಮಣ್ಣು ಒಂದು ನಿಟ್ಟುಸಿರಿನಂಥ ಶಬ್ದ ಮಾಡಿ ಕುಸಿಯಿತು. ಮೇಲಿದ್ದವರಲ್ಲಿ ಮೂವರು ಮಣ್ಣಿನ ಜೊತೆಗೆ ಕೆಳಗೆ ಬಂದರು. ಒಬ್ಬಾಕೆಯ ಭುಜದ ಮೂಳೆ ಚರ್ಮ ಹರಿದು ಹೊರಗೆ ಕಾಣುತ್ತಿತ್ತು. ಧೂಳು ಇಳಿಯುವ ಹೊತ್ತಿಗೆ ಟೆಂಪೋ ಇರಲಿಲ್ಲ, ಬೈಕೂ ಇರಲಿಲ್ಲ.

ಅಂದು ಸಂಜೆ ಕಿವಿಗೆ ಹತ್ತಿ ತುರುಕಿಕೊಂಡು ದಿನಚರಿ ಬರೆದೆ. ಅದರ ಕೊನೆಯಲ್ಲಿ ‘ಬುರುಜು: ಬುರುಜ್ ಅತ್ರೇ. ಇಂದಿನ ಬಳಕೆ’ ಎಂಬ ಸಾಲಿದೆ. ಯಾವ ಮನಸ್ಸಿನಲ್ಲಿ ಬರೆದೆನೋ.

ಮುದುಕನನ್ನು ಶಿವಾಜಿನಗರದ ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದರು. ಬುಧವಾರ ನೋಡಲು ಹೋದೆ. ಎಡಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಬೆರಳುಗಳು ಉಳಿಯುವುದು ಅನುಮಾನ ಎಂದಿದ್ದರು ಡಾಕ್ಟರು. ಅವನು ತೋರಿಸಿದ್ದು ಬಲಗೈಯಿಂದ ಎಂದು ನನಗೆ ಸ್ಪಷ್ಟವಾಗಿ ನೆನಪಿತ್ತು. ನನ್ನ ನೋಟ ಪ್ಲಾಸ್ಟರಿನ ಮೇಲಿದ್ದದ್ದನ್ನು ಅವನು ಗಮನಿಸಿದ.

“ತೋರ್ಸಿದ್ದು ಬಲಗೈಲೇ ಸಾಮಿ,” ಎಂದ. “ಕೇಳುದ್ರಲ್ಲ, ಎಡಗೈ ಕೊಟ್ಟೆ. ಬಲಗೈ ಓದ್ರೆ ಉಣ್ಣಾಕ್ಕಿಲ್ಲ, ದುಡ್ಯಾಕ್ಕಿಲ್ಲ.”

ಅದನ್ನು ಹೇಳಿ ಸ್ವಲ್ಪ ನಕ್ಕ. ಅವರಿಗೆ ಮೋಸ ಮಾಡಿದ ತೃಪ್ತಿ ಅದರಲ್ಲಿತ್ತು. ಪಕ್ಕದಲ್ಲಿದ್ದ ಸೊಸೆ ನಗಲಿಲ್ಲ. ಪೊಲೀಸರು ಬಂದು ಹೋದರೆಂದೂ, ಅಗಳು ಎಲ್ಲಿಯವರೆಗಿತ್ತು ಎಂಬುದಕ್ಕೆ ಮಾವನ ಮಾತು ಬಿಟ್ಟು ಬೇರೆ ಏನಿದೆ ಎಂದು ಕೇಳಿದರೆಂದೂ, ಈಗ ಕೈ ಹೋದ ಮೇಲೆ ಹೇಳುವ ಮಾತು ಸೇಡಿನ ಮಾತಾಗುತ್ತದೆ ಎಂದರೆಂದೂ ಹೇಳಿದಳು. ಏಟು ಬೀಳುವುದಕ್ಕೆ ಮುಂಚೆ ಹೇಳಿದ್ದನ್ನು ನೀವು ಬರೆದುಕೊಂಡಿದ್ದೀರಲ್ಲ, ಅದನ್ನು ಕೊಡಿ ಎಂದಳು. ನಾನು ಮುದುಕನ ಕಡೆ ನೋಡಿದೆ. ಅದನ್ನು ಕೊಟ್ಟರೆ ಅವನ ಹೆಸರು ಮತ್ತೆ ಮುಂದಕ್ಕೆ ಬರುತ್ತದೆ, ಇನ್ನೊಂದು ಕೈ ಇದೆ, ಎಂದೆಲ್ಲ ಹೇಳಿದೆ. ಅವನು ಕೊಡಿ ಎಂಬಂತೆ ಗೋಣು ಹಾಕಿದ.

ಸಂಪಾದಕರಿಗೆ ಇಷ್ಟವಿರಲಿಲ್ಲ. “ನಮ್ದು ಪದಕೋಶ ಕಣಯ್ಯ, ಪೊಲೀಸ್ ಸ್ಟೇಷನ್ ಅಲ್ಲ. ನಾಳೆ ಒಬ್ಬನೂ ನಿಂಗೆ ಬಾಯಿ ಬಿಡಲ್ಲ,” ಎಂದರು. ಅವರ ಮಾತಿನಲ್ಲಿ ಸತ್ಯವಿತ್ತು. ಎರಡು ಗಂಟೆ ವಾದ ಮಾಡಿದೆವು. ಕೊಡದಿದ್ದರೆ ಕೆಲಸ ಬಿಡುತ್ತೇನೆ ಎಂದೆ. ನನ್ನ ಬದುಕಿನಲ್ಲಿ ಅಷ್ಟು ಗಟ್ಟಿಯಾಗಿ ನಾನು ತೀರ್ಮಾನ ಮಾಡಿದ್ದು ಅದೊಂದೇ ಸಲ, ಆ ನೆನಪಿನಿಂದ ಬಹಳ ವರ್ಷ ಸಮಾಧಾನ ಪಟ್ಟುಕೊಂಡಿದ್ದೇನೆ. ಕೊನೆಗೆ ಅವರು, ಮೂಲ ಕಾರ್ಡು ಡ್ರಾಯರು ಬಿಟ್ಟು ಹೋಗಬಾರದು, ಝೆರಾಕ್ಸ್ ಮಾಡಿಸು, ಸಹಿ ಮಾಡಿ ಸೀಲು ಹಾಕಿ ಕೊಡುತ್ತೇನೆ ಎಂದು ಒಪ್ಪಿದರು.

ಫ್ರೇಜರ್ ಟೌನಿನ ಝೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವನು ಕಾರ್ಡು ಗಾಜಿನ ಮೇಲಿಟ್ಟು, “ಒಂದ್ ಸೈಡಾ, ಎರಡೂ ಸೈಡಾ ಸಾರ್?” ಎಂದು ಕೇಳಿದ.

“ಒಂದ್ ಸೈಡ್ ಸಾಕು,” ಎಂದೆ.

ಇದರಲ್ಲಿ ನನಗೆ ಅನುಮಾನವಿಲ್ಲ. ಅವನ ಬೆರಳಿನ ಶಾಯಿಯ ಕಲೆ, ಗಾಜಿನ ಕೆಳಗೆ ಹರಿದುಹೋದ ಹಸಿರು ಬೆಳಕು ಎಲ್ಲ ನೆನಪಿದೆ. ಏಕೆ ಹಾಗೆ ಹೇಳಿದೆ ಎಂಬುದು ನೆನಪಿಲ್ಲ. ಹಿಂಬದಿ ಖಾಲಿಯಿದೆ ಎಂದುಕೊಂಡಿದ್ದೆ, ಎಂದುಕೊಳ್ಳುತ್ತೇನೆ.

ಶುಕ್ರವಾರ ಸ್ಟೇಷನ್ನಿನಲ್ಲಿ ಹೇಳಿಕೆ. ಎಸ್‌ಐ ತಾಳ್ಮೆಯವರು. ಝೆರಾಕ್ಸ್ ಓದಿದರು. ಅದರಲ್ಲಿದ್ದ ಭಾನುವಾರದ ತಾರೀಖಿನ ಕೆಳಗೆ ಗೆರೆ ಎಳೆದರು. ಆಮೇಲೆ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು.

“ಈ ಕಾರ್ಡು ಬೇರೆ ಯಾರಾದ್ರೂ ನೋಡಿದ್ರೇನ್ರೀ? ಪಟೇಲ್ರ ಮನೆಯೋರಿಗೆ ತೋರ್ಸಿದ್ರಾ?”

“ಇಲ್ಲ ಸಾರ್. ಪದ ಮಾತ್ರ ಕೇಳ್ದೆ.”

“ಹೊಡೆಯೋವಾಗ ಏನಂದ್ರು?”

“ಜೆಸಿಬಿ ಶಬ್ದ ಸಾರ್. ಕೇಳಿಸ್ಲಿಲ್ಲ.”

ಅವರು ಬರೆದುಕೊಂಡರು. ನಾನು ಸಹಿ ಹಾಕಿದೆ.

ಆ ಝೆರಾಕ್ಸು ಅರ್ಧ ಕೆಲಸ ಮಾಡಿತು. ತಹಸೀಲ್ದಾರರು ಅದನ್ನು ನೋಡಿ ಮರುಸರ್ವೆಗೆ ಹೇಳಿದರು. ಸರ್ವೆಯರು ಪಟೇಲರ ಕೊಟ್ಟಿಗೆಯ ನೆಲ ಅಗೆಸಿದ ದಿನ ನಾನೂ ಇದ್ದೆ. ಮೂರು ಅಡಿ ಹೋಗುವಷ್ಟರಲ್ಲಿ ಹಾರೆ ಕಲ್ಲಿಗೆ ಠಣ್ ಎಂದಿತು. ಒಂದರ ಪಕ್ಕ ಒಂದು, ದಪ್ಪ ಕಲ್ಲುಗಳ ಸಾಲು, ಮುದುಕ ಎಲ್ಲಿ ಹೇಳಿದ್ದನೋ ಅಲ್ಲೇ. ಅಗಳು ಅಲ್ಲಿಯವರೆಗೆ. ಹನ್ನೊಂದು ಮನೆಗಳು ಉಳಿದವು. ಬುರುಜು ಉಳಿಯಲಿಲ್ಲ, ಅದರ ಮಣ್ಣನ್ನು ಯಾರು ಯಾರೋ ಹೊತ್ತುಕೊಂಡು ಹೋದರು.

ಕೈ ಮುರಿದ ಮೊಕದ್ದಮೆ ಎರಡು ಸಾವಿರದ ಇಸವಿಯ ಆಚೆಗೆ ವಿಚಾರಣೆಗೆ ಬಂತು. ಪಟೇಲರ ಮಗನ ಪರ ವಕೀಲರ ವಾದ ಸರಳವಾಗಿತ್ತು. ತಮ್ಮ ಕಕ್ಷಿದಾರ ಅಲ್ಲಿ ಇರಲೇ ಇಲ್ಲ. ಅಷ್ಟಕ್ಕೂ ಈ ವೃದ್ಧ ಅಗಳಿನ ಬಗ್ಗೆ ಯಾರಿಗೋ ಏನೋ ಹೇಳಿದ್ದು ತಮ್ಮ ಕಕ್ಷಿದಾರನಿಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ ಮೇಲೆ ದ್ವೇಷಕ್ಕೆ ಕಾರಣವೇನು? ಹನ್ನೊಂದು ಮನೆಗಳವರ ಸಾಕ್ಷ್ಯ ಪಕ್ಷಪಾತದ್ದು, ಅವರಿಗೆ ಜಾಗ ಬೇಕಾಗಿತ್ತು. ಹೊರಗಿನ ಸಾಕ್ಷಿ ನಾನೊಬ್ಬನೇ. ಕಾರ್ಡನ್ನು ಯಾರಿಗಾದರೂ ತೋರಿಸಿದಿರಾ ಎಂದು ಕೇಳಿದರು. ಇಲ್ಲ ಎಂದೆ. ಎಷ್ಟು ಜನರಿದ್ದರು ಎಂದು ಕೇಳಿದರು. ಐದೋ ಏಳೋ ಎಂದೆ. ತಲೆ ಎಣಿಸಲಾಗದವರು ತಮ್ಮ ಕಕ್ಷಿದಾರನ ಮುಖವನ್ನು ಮಾತ್ರ ಹೇಗೆ ಗುರುತಿಸಿದರು ಎಂದು ವಕೀಲರು ಕೇಳಿದರು. ಪಟೇಲರ ಮಗ ಬಿಡುಗಡೆಯಾದ. ಟೆಂಪೋದಲ್ಲಿ ಬಂದವರು ಯಾರೆಂದು ಕೊನೆಗೂ ಪತ್ತೆಯಾಗಲಿಲ್ಲ.

ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಸೊಸೆ ನನ್ನನ್ನು ತಡೆದಳು. ಮುದುಕ ಬೆಂಚಿನ ಮೇಲೆ ಕುಳಿತು ಬಲಗೈಯಿಂದ ಬೀಡಿ ಹಚ್ಚಿಕೊಳ್ಳಲು ಒದ್ದಾಡುತ್ತಿದ್ದ. ಎಡಗೈ ಮಡಿಲಲ್ಲಿ ಯಾರೋ ಮರೆತುಹೋದ ವಸ್ತುವಿನಂತೆ ಬಿದ್ದಿತ್ತು.

“ಸೋಮವಾರ ಪಟೇಲ್ರ ಮನೇಗ್ ಓಗಿದ್ರಲ್ಲ ಸಾರ್, ನೀವು?”

“ಹೋಗಿದ್ದೆ ಕಣಮ್ಮ. ಕಾರ್ಡು ತೋರಿಸ್ಲಿಲ್ಲ.”

“ಅಂಗಾದ್ರೆ ಅವ್ರಿಗೆ ಯಾರ್ ಏಳುದ್ರು?”

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ್ದಳು. ನಾನು ಗೊತ್ತಿಲ್ಲ ಎಂದೆ. ಅವಳು ಮಾವನ ಹತ್ತಿರ ಹೋಗಿ ಬೆಂಕಿಕಡ್ಡಿ ಗೀರಿ ಕೊಟ್ಟಳು.

ಮುದುಕ ಮೂರು ವರ್ಷದ ನಂತರ ತೀರಿಕೊಂಡ. ಪದಕೋಶ ಮುಗಿಯಲಿಲ್ಲ. ಟ್ರಸ್ಟು ಮುಚ್ಚಿತು, ಡ್ರಾಯರುಗಳು ಸರ್ವಜ್ಞನಗರದಲ್ಲಿದ್ದ ಸಂಪಾದಕರ ಸಂಬಂಧಿಕರ ಮನೆಯ ಗ್ಯಾರೇಜಿಗೆ ಹೋದವು. ಸಂಪಾದಕರೂ ಹೋದ ಮೇಲೆ ಆ ಮನೆ ಕೆಡವಿ ಫ್ಲ್ಯಾಟು ಕಟ್ಟುವವರಿದ್ದರು; ಬೇಕಾದದ್ದನ್ನು ತೆಗೆದುಕೊಂಡು ಹೋಗಿ ಎಂದು ನನಗೆ ಫೋನು ಮಾಡಿದರು. ಮಧ್ಯಾಹ್ನದ ಬಿಸಿಲಿನಲ್ಲಿ, ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಒಳಗೆ ಹೋದೆ. ಡ್ರಾಯರುಗಳು ಅಕಾರಾದಿಯಾಗಿಯೇ ಇದ್ದವು. ‘ಅಗಳು’ ಮೊದಲನೆಯದರಲ್ಲೇ ಸಿಕ್ಕಿತು.

ಮುಂಬದಿಯಲ್ಲಿ ನಾನು ಬರೆದದ್ದು ಹಾಗೇ ಇತ್ತು. ‘ಕೈಯಿಂದ ತೋರಿಸಿದರು’ ಎಂಬ ಸಾಲೂ, ಅದರ ಕೆಳಗೆ ನೇರಳೆ ಹೆಬ್ಬೆಟ್ಟೂ. ತುಂಬ ಹೊತ್ತು ಆ ಬದಿಯನ್ನೇ ನೋಡುತ್ತಾ ನಿಂತಿದ್ದೆ. ಆಮೇಲೆ ತಿರುವಿದೆ.

ಹಿಂಬದಿ ಖಾಲಿಯಿರಲಿಲ್ಲ. ‘ಮುಂಬದಿಯನ್ನು ಓದಿದ್ದೇನೆ, ಈ ಮಾತು ಬಳಕೆಯಲ್ಲಿದೆ’ ಎಂಬ ಅಚ್ಚಿನ ಸಾಲಿನ ಕೆಳಗೆ ಪಟೇಲರ ಪೂರ್ಣ ಸಹಿ ಇದೆ. ಅದರ ಪಕ್ಕದಲ್ಲಿ ತಾರೀಖು. ಮನೆಗೆ ಬಂದು ದಿನಚರಿಯ ಜೊತೆ ಹೋಲಿಸಿ ನೋಡಿದೆ: ಅದು ಆ ಸೋಮವಾರದ್ದೇ. ತಾರೀಖು ಬರೆದಿರುವ ಅಕ್ಷರ ನನ್ನದು.